ಊರು ಬಿಟ್ಟವರ ಬಾಕಿ

ಸಾಲದ ಮಾತು ಬಂದಿತೆಂದರೆ ಸರ್ವಜ್ಞನ ತ್ರಿಪದಿಯನ್ನು ನೆನೆಯದ ಭಾಷಣಕಾರನಿಲ್ಲ. ಕೇಳುಗರಿಗೆಲ್ಲ ಅದು ಬಾಯಿಪಾಠವಾಗಿರುವುದರಿಂದ ನಾನು ಅದನ್ನು ಹೇಳಹೋಗುವುದಿಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಆ ತ್ರಿಪದಿಯ ಸಾಲಗಾರ ತನ್ನ ಮನೆಯಲ್ಲಿಯೇ ಇದ್ದಾನೆ. ಕೊಟ್ಟವನು ಬಂದು ಕೇಳಿದಾಗ ಎದುರು ನಿಲ್ಲಬೇಕಾದವನೂ ಅವನೇ. ನಾನು ಈ ಹೊತ್ತು ಹೇಳಹೊರಟಿರುವುದು ಸಾಲಗಾರನು ಮನೆಯಲ್ಲಿಲ್ಲದ ಹೊತ್ತಿನ ಮಾತು. ಬಾಗಿಲಿಗೆ ಬಂದವರಿಗೆ ಉತ್ತರ ಹೇಳಲು ಒಳಗಿನಿಂದ ಬರುವವರು ಹೆಂಡತಿ, ಇಲ್ಲವೆ ಮುದುಕ ತಂದೆ, ಇಲ್ಲವೆ ಶಾಲೆಗೆ ಹೋಗುವ ಮಗ. ಸಾಲ ಮಾಡಿದವನು ಮಂಗಳೂರಿನಲ್ಲಿಯೋ ಗೋವೆಯಲ್ಲಿಯೋ ಬೆಂಗಳೂರಿನಲ್ಲಿಯೋ ಇರುತ್ತಾನೆ.

ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಈ ನಾಲ್ಕು ಊರುಗಳ ನ್ಯಾಯಾಲಯಗಳಲ್ಲಿ ನಾಲ್ವತ್ತು ವರ್ಷ ಕರಿಯ ಕೋಟು ತೊಟ್ಟು ತಿರುಗಿದವನು ನಾನು. ದೊಡ್ಡ ದೊಡ್ಡ ದಾವೆಗಳು ನನ್ನ ನೆನಪಿನಲ್ಲಿ ಅಷ್ಟಾಗಿ ನಿಂತಿಲ್ಲ. ದಾವೆಯಾಗಲಾರದಷ್ಟು ಚಿಕ್ಕವಾದ, ಆದರೆ ಒಂದು ಮನೆಯ ಒಲೆಯನ್ನು ನಂದಿಸುವಷ್ಟು ದೊಡ್ಡವಾದ ಬಾಕಿಗಳನ್ನು ಹೊತ್ತು ತಂದ ಹೆಂಗಸರ ಮುಖಗಳು ನಿಂತಿವೆ. ಅವರು ಕೇಳುತ್ತಿದ್ದುದು ಬಹುಮಟ್ಟಿಗೆ ಒಂದೇ ಪ್ರಶ್ನೆ: “ಅವ ಮಾಡಿದ್ದು ನಾ ಕೊಡಬೇಕೇನ್ರಿ?” ಹೌದು ಎಂದೋ ಅಲ್ಲ ಎಂದೋ ಒಂದೇ ಶಬ್ದದಲ್ಲಿ ಮುಗಿಯುವ ಪ್ರಶ್ನೆಯಲ್ಲ ಅದು. ಯಾವ ಬಾಕಿ, ಯಾತಕ್ಕಾಗಿ ಆದದ್ದು, ಯಾರ ಕೈಬರಹ, ಹೋದವನು ಹೋದದ್ದು ಎಲ್ಲಿಗೆ, ಇವಿಷ್ಟನ್ನು ಕೇಳಿಕೊಂಡಲ್ಲದೆ ಉತ್ತರ ಹೊರಡದು.

ನಮ್ಮ ಕಡೆಯ ಜನ ಇವೆಲ್ಲವನ್ನೂ ಒಂದೇ ಹೆಸರಿನಿಂದ ಕರೆಯುವುದಿಲ್ಲವೆಂಬುದೇ ದೊಡ್ಡ ವಿವೇಕ. ಕಿರಾಣಿ ಅಂಗಡಿಯಿಂದ ಎಣ್ಣೆ, ಬೆಲ್ಲ, ಚಹಾಪುಡಿ ತಂದು ಪುಸ್ತಕಕ್ಕೆ ಹಚ್ಚಿದರೆ ಅದು ಉದ್ರಿ. ಉದ್ರಿಗೆ ಬಡ್ಡಿ ಬರೆಯುವುದಿಲ್ಲ. ಬಡ್ಡಿ ಪದಾರ್ಥದ ಬೆಲೆಯಲ್ಲಿಯೇ ಅಡಗಿ ಕುಳಿತಿರುತ್ತದೆ. ಅಕ್ಕಪಕ್ಕದವರಿಂದಲೋ ಬೀಗರಿಂದಲೋ ಪಡೆದದ್ದು ಕೈಗಡ. ಅದಕ್ಕೆ ಬಡ್ಡಿಯೂ ಇಲ್ಲ, ಕಾಗದವೂ ಇಲ್ಲ. ಕೊಟ್ಟ ಕೈ, ಇಸಕೊಂಡ ಕೈ, ಇವೆರಡೇ ಸಾಕ್ಷಿ. ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿ ಬಡ್ಡಿ ಮಾತಾಡಿ ತಂದದ್ದು ಸಾಲ. ಇನ್ನೂ ಸುರಿಯದ ಬೆವರಿಗೆ ಮೊದಲೇ ಎಣಿಸಿಕೊಂಡ ಹಣ ಮುಂಗಡ. ಇವೆಲ್ಲವುಗಳಿಂದ ತೀರದೆ ಉಳಿದುದಕ್ಕೆ ಬಾಕಿ ಎನ್ನುತ್ತಾರೆ. ಕೋರ್ಟಿನ ಕಣ್ಣಿಗೆ ಸಾಲವೇ ಎಲ್ಲಕ್ಕಿಂತ ಗಟ್ಟಿ, ಕೈಗಡ ಎಲ್ಲಕ್ಕಿಂತ ಬಡಕಲು. ಓಣಿಯ ಕಣ್ಣಿಗೆ ಇದೇ ತಿರುವುಮುರುವು. ಬ್ಯಾಂಕಿನ ಕಂತು ತಪ್ಪಿಸಿದವನನ್ನು ಓಣಿ ಕ್ಷಮಿಸೀತು. ನೆರೆಮನೆಯ ಮುದುಕಿಯ ಇನ್ನೂರು ರೂಪಾಯಿ ಮರೆತವನನ್ನು ಕ್ಷಮಿಸದು.

ಇನ್ನು ಊರು ಬಿಡುವ ಮಾತು. ನಮ್ಮಲ್ಲಿ ಇದಕ್ಕೆ ಗುಳೇ ಎಂಬ ಹೆಸರು. ಹಿಂದೆ ಬರವೋ ದಂಡೋ ಬಂದಾಗ ಊರಿಗೆ ಊರೇ ಗಂಟುಮೂಟೆ ಕಟ್ಟಿ ದನಕರು ಹೊಡೆದುಕೊಂಡು ಹೊರಡುವುದನ್ನು ಹಾಗೆ ಕರೆಯುತ್ತಿದ್ದರು. ಧಾತು, ಈಶ್ವರ ಸಂವತ್ಸರಗಳ ಬರವೆಂದು ನಮ್ಮ ಹಿರಿಯರು ಹೇಳುತ್ತಿದ್ದ ೧೮೭೬-೭೮ರ ಮಹಾಕ್ಷಾಮದಲ್ಲಿ ಹೊರಟ ಗುಳೇ ಅಂಥದು. ಅಂದು ಸಾಲ ಕೊಟ್ಟವನೂ ಗುಳೇ ಹೋದ, ಸಾಲ ಮಾಡಿದವನೂ ಹೋದ, ಕೇಳುವವರಾರು, ಹೇಳುವವರಾರು? ಈಗಿನದು ಬೇರೆ ಬಗೆ. ಊರು ಅಲ್ಲಿಯೇ ಇರುತ್ತದೆ, ಅಂಗಡಿಯೂ ಇರುತ್ತದೆ, ಮನೆಯೂ ಅರ್ಧ ತುಂಬಿರುತ್ತದೆ. ದುಡಿಯುವ ಕೈಗಳು ಮಾತ್ರ ದೀಪಾವಳಿ ಕಳೆದು ಮುಂಗಾರಿ ರಾಶಿ ಮುಗಿಯುತ್ತಿದ್ದಂತೆ ಬಸ್ಸು ಹತ್ತುತ್ತವೆ. ಕುಷ್ಟಗಿ, ಯಲಬುರ್ಗಾಗಳು ಮಳೆಯ ಮುಖ ನೋಡಿ ಬದುಕುವ ಎರೆ ಮಸಾರಿಗಳ ಸೀಮೆ. ಅವುಗಳಿಗೆ ಕೂಗಳತೆಯಲ್ಲಿ ಎನ್ನುವಂತೆ ಗಂಗಾವತಿಯಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಯ ಬತ್ತದ ಗದ್ದೆಗಳಿವೆ. ೧೯೫೩ರಲ್ಲಿ ಅಣೆಕಟ್ಟಿನ ನೀರು ಹರಿದಂದಿನಿಂದ ಒಂದೇ ಜಿಲ್ಲೆಯೊಳಗೆ ಎರಡು ದೇಶಗಳಾದವು. ನಾಟಿಗೂ ಕೊಯಿಲಿಗೂ ಒಣಸೀಮೆಯ ಹೆಂಗಸರು ಹಸಿಸೀಮೆಗೆ ಹೋಗಿ ಬರುವರು; ಅದು ಸಾಲದಾದಾಗ ಗಂಡಹೆಂಡಿರಿಬ್ಬರೂ ಕರಾವಳಿಯ ಕಟ್ಟಡಗಳಿಗೆ ನಡೆಯುವರು.

ಗಂಗಾವತಿಯವರು ಸುಖಿಗಳೆಂದು ತಿಳಿಯಬೇಡಿರಿ. ಅಲ್ಲಿ ಗೊಬ್ಬರದಂಗಡಿಯ ಉದ್ರಿ, ದಲ್ಲಾಳಿ ಅಂಗಡಿಯ ಮುಂಗಡ, ಕೋರು ಮಾಡಿದವನ ಬಾಕಿ, ಎಲ್ಲವೂ ಅಣೆಕಟ್ಟಿನ ನೀರಿನ ಮೇಲೆ ನಿಂತಿವೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ಅಣೆಕಟ್ಟಿನ ೧೯ನೆಯ ಗೇಟು ಸರಪಳಿ ಹರಿದು ಕೊಚ್ಚಿಹೋದಾಗ, ನೀರಿನೊಡನೆ ಹೊಳೆಗೆ ಹೋದದ್ದು ಯಾರ ಯಾರ ಬಾಕಿ ಎಂಬುದನ್ನು ಆ ಪೇಟೆಯವರು ಬೆಳಗಾಗುವುದರೊಳಗೆ ಲೆಕ್ಕ ಹಾಕಿರಬೇಕು. ಒಂದು ವಾರದೊಳಗೆ ತಾತ್ಕಾಲಿಕ ಗೇಟು ಕೂತಿತೆಂಬುದು ಬೇರೆ ಮಾತು.

ಊರು ಬಿಟ್ಟವನನ್ನು ಹುಡುಕಿ ಹಿಡಿಯುವುದು ನಮ್ಮ ಸೀಮೆಯಲ್ಲಿ ಒಂದು ಕಾಲಕ್ಕೆ ಬಹಳ ಕಷ್ಟದ ಕೆಲಸವಾಗಿತ್ತು. ೧೯೪೮ರ ಸಪ್ಟೆಂಬರಿನವರೆಗೆ ನಾವು ನಿಜಾಮನ ರಾಯಚೂರು ಜಿಲ್ಲೆಯ ಸೆರಗಿನಲ್ಲಿದ್ದವರು. ಕುಷ್ಟಗಿಯಿಂದ ಪಡುವಲಿಗೆ ಗಜೇಂದ್ರಗಡಕ್ಕೆ ಹೋದರೆ ಅದು ಮುಂಬಯಿ ಇಲಾಖೆ. ಮುನಿರಾಬಾದಿನ ಬಳಿ ಹೊಳೆ ದಾಟಿ ಹೊಸಪೇಟೆಗೆ ಹೋದರೆ ಅದು ಮದ್ರಾಸು ಇಲಾಖೆ. ಇಲ್ಲಿಯ ನಾಣ್ಯ ಹಾಲಿ ಸಿಕ್ಕಾ, ಅಲ್ಲಿಯದು ಕಲದಾರ. ಏಳು ಹಾಲಿಗೆ ಸುಮಾರು ಆರು ಕಲದಾರ ಲೆಕ್ಕ. ನಿಜಾಮನ ನ್ಯಾಯಾಲಯದ ಡಿಕ್ರಿ ಹೊಳೆಯಾಚೆ ಸಲೀಸಾಗಿ ನಡೆಯುತ್ತಿರಲಿಲ್ಲ. ಹೀಗಾಗಿ ಒಂದು ರಾತ್ರಿ ನಡೆದು ಗಡಿ ದಾಟಿದ ಸಾಲಗಾರನ ಬೆನ್ನು ಹತ್ತುವುದಕ್ಕಿಂತ, ಹಿಂದುಳಿದ ಅವನ ಮನೆಯ ಜಗಲಿಯ ಮೇಲೆ ಬಂದು ಕೂಡುವುದೇ ಸಾವುಕಾರನಿಗೆ ಹಗುರವೆನಿಸಿತು. ಗಡಿಗಳು ಹೋಗಿ ಎಪ್ಪತ್ತೈದು ವರ್ಷ ಮೀರಿದವು. ಜಗಲಿಯ ಮೇಲೆ ಕೂಡುವ ರೂಢಿ ಹೋಗಿಲ್ಲ.

ನಮ್ಮ ಮನೆಯ ಜಗಲಿಯ ಮೇಲೆಯೂ ಒಬ್ಬರು ಬಂದು ಕೂತಿದ್ದರು. ನನಗಾಗ ಏಳೋ ಎಂಟೋ ವರ್ಷ. ನಮ್ಮ ಕಾಕಾ ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋಗಿ ಎರಡು ಸುಗ್ಗಿ ಕಳೆದಿದ್ದವು. ಹಣವೂ ಬರಲಿಲ್ಲ, ಪತ್ರವೂ ಬರಲಿಲ್ಲ. ಅಂಗಡಿಯವರು ಕೆಂಪು ಬಟ್ಟೆಯ ಹೊದಿಕೆಯ ಉದ್ದನೆಯ ಖಾತೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಮೊತ್ತವನ್ನು ಮಾತ್ರ ಹೇಳಿದರು. ಅಕ್ಷರದ ಗಂಧವಿಲ್ಲದ ನಮ್ಮಜ್ಜಿ ಮೊತ್ತವನ್ನು ಕೇಳಿಸಿಕೊಳ್ಳದವಳಂತೆ, “ಒಂದೊಂದ ಓದು” ಎಂದಳು. ಅವರು ಓದತೊಡಗಿದರು. ಇಂಥ ದಿನ ಎಣ್ಣೆ ಇಷ್ಟು, ಇಂಥ ದಿನ ಬೆಲ್ಲ ಇಷ್ಟು. ಅಜ್ಜಿ ಪ್ರತಿಯೊಂದು ಸಾಮಾನಿಗೂ ಒಂದೊಂದು ಜೋಳದ ಕಾಳನ್ನು ಎಡಗಡೆ ಇಡುತ್ತ ಹೋದಳು. ನಡುನಡುವೆ ಬೀಡಿಯ ಕಟ್ಟು ಬಂದಿತು, ಬಯಲಾಟದವರಿಗೆ ಕೊಡಿಸಿದ ಬಾಬತ್ತು ಬಂದಿತು, ಇಸ್ಪೇಟಿನ ದಿನ ರೊಕ್ಕವಾಗಿಯೇ ಕೊಟ್ಟದ್ದೂ ಬಂದಿತು. ಆ ಕಾಳುಗಳು ಬಲಗಡೆಗೆ ಹೋದವು. ಓದು ಮುಗಿದಾಗ ಅಜ್ಜಿ ಎಡಗಡೆಯ ಕಾಳುಗಳನ್ನು ತೋರಿಸಿ, “ಇದು ನಾವು ಉಂಡದ್ದು, ಸುಗ್ಗಿಗೆ ಜೋಳ ಅಳೀತೀನಿ” ಎಂದಳು. ಬಲಗಡೆಯವನ್ನು ಗುಡಿಸಿ ಅಂಗಳದ ಕೋಳಿಗೆ ಎರಚಿ, “ಇದು ಅಂವ ಬಂದ ಮ್ಯಾಲೆ ಅಂವನ್ನs ಕೇಳು” ಎಂದಳು. ಅಂಗಡಿಯವರು ನಕ್ಕು ಒಪ್ಪಿಕೊಂಡರು. ಆ ಸುಗ್ಗಿಯಲ್ಲಿ ಕಣದಿಂದ ಚೀಲ ನೇರವಾಗಿ ಅಂಗಡಿಗೆ ಹೋದುದನ್ನು ನಾನು ಕಂಡಿದ್ದೇನೆ. ಆ ವರ್ಷ ನಮ್ಮ ಮನೆಯಲ್ಲಿ ಬೇಸಿಗೆಗೆ ಮೊದಲೇ ಸಜ್ಜಿಯ ರೊಟ್ಟಿ ಸುರುವಾದದ್ದೂ ನೆನಪಿದೆ.

ಮುಂದೆ ಕಾಯಿದೆಯ ಓದಿಗಾಗಿ ಧಾರವಾಡಕ್ಕೆ ಹೋದಾಗ ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರನು ಬರೆದ ಮಿತಾಕ್ಷರ ವ್ಯಾಖ್ಯಾನ ಕೈಗೆ ಬಂದಿತು. ಹಿಂದೂ ಕುಟುಂಬದ ಆಸ್ತಿಪಾಸ್ತಿಯ ಕಾಯಿದೆಗೆ ಬಹುತೇಕ ಭಾರತದಲ್ಲಿ ಮೂಲವಾದ ಈ ಗ್ರಂಥ ಹುಟ್ಟಿದ್ದು ನಮ್ಮ ಕಲ್ಯಾಣದಲ್ಲಿ, ೧೦೭೬ರಿಂದ ೧೧೨೬ರ ವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ. ಅದೇ ದೊರೆಯ ದಂಡನಾಯಕ ಮಹಾದೇವನು ೧೧೧೨ರಲ್ಲಿ ಇಟಗಿಯಲ್ಲಿ ಮಹಾದೇವ ದೇವಾಲಯವನ್ನು ಕಟ್ಟಿಸಿದ. ಇಟಗಿ ಬಹುಕಾಲ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು, ಈಗ ಕುಕನೂರು ತಾಲ್ಲೂಕಿನಲ್ಲಿದೆ. ಗುಡಿಯನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅದೇ ಕಾಲದ ಪುಸ್ತಕದಲ್ಲಿ ನಮ್ಮ ಹಳ್ಳಿಯ ಹೆಂಗಸರ ಪ್ರಶ್ನೆಗೆ ಉತ್ತರವಿದೆಯೆಂಬುದು ಗುಡಿಯ ನೆರಳಿನಲ್ಲಿರುವವರಿಗೂ ತಿಳಿಯದು.

ಆ ಗ್ರಂಥದ ಋಣಾದಾನ ಪ್ರಕರಣದ ತಾತ್ಪರ್ಯವನ್ನಷ್ಟೇ ಹೇಳುತ್ತೇನೆ. ಅವಿಭಕ್ತ ಮನೆಯವರು ಕುಟುಂಬಕ್ಕಾಗಿ ಮಾಡಿದ ಸಾಲವನ್ನು, ಮನೆಯ ಯಜಮಾನನು ತೀರಿಕೊಂಡರೆ ಅಥವಾ ದೇಶಾಂತರ ಹೋದರೆ, ಆಸ್ತಿಯನ್ನು ಪಡೆಯುವವರು ತೀರಿಸಬೇಕು. ಕುಡಿತಕ್ಕೆ, ಕಾಮಕ್ಕೆ, ಜೂಜಿಗೆ ತಂದೆ ಮಾಡಿದ ಸಾಲವನ್ನು ಮಗ ತೀರಿಸಬೇಕಿಲ್ಲ. ಗಂಡನ ಸಾಲವನ್ನು ಹೆಂಡತಿ ಕೊಡಬೇಕಿಲ್ಲ. ಆದರೆ ತಾನು ಕೊಡುವೆನೆಂದು ಒಪ್ಪಿಕೊಂಡದ್ದನ್ನು, ಗಂಡನೊಡನೆ ಕೂಡಿ ಮಾಡಿದ್ದನ್ನು, ತಾನೇ ಮಾಡಿದ್ದನ್ನು ಕೊಡಬೇಕು. ಗೋವಳ, ಮದ್ಯ ಮಾರುವವ, ನಟ, ಅಗಸ, ಬೇಡ ಇವರ ಹೆಂಡಂದಿರು ಮಾಡಿದ ಸಾಲವನ್ನು ಮಾತ್ರ ಗಂಡಂದಿರೇ ತೀರಿಸಬೇಕು, ಏಕೆಂದರೆ ಆ ಮನೆಗಳ ಬದುಕು ಹೆಂಗಸರ ದುಡಿಮೆಯ ಮೇಲೆ ನಿಂತಿದೆ. ಎಂಥ ಸೂಕ್ಷ್ಮ ನೋಡಿರಿ! ಯಾರ ದುಡಿಮೆಯಿಂದ ಮನೆ ನಡೆಯುವುದೆಂಬುದನ್ನು ಕಂಡು ಋಣದ ಹೊರೆಯನ್ನು ಹಂಚಿದ್ದಾರೆ. ನಾರದ ಸ್ಮೃತಿ ಇನ್ನೊಂದು ಮಾತು ಸೇರಿಸುತ್ತದೆ: ತಂದೆ ದೇಶಾಂತರ ಹೋದನೆಂದು ಮರುದಿನವೇ ಮಗನ ಕೊರಳಪಟ್ಟಿ ಹಿಡಿಯುವಂತಿಲ್ಲ, ಇಪ್ಪತ್ತು ವರ್ಷ ಕಾಯಬೇಕು. ಬಡ್ಡಿಗೂ ಒಂದು ಕಟ್ಟೆಯಿತ್ತು. ಒಮ್ಮೆಗೆ ಕೇಳುವ ಬಡ್ಡಿ ಅಸಲನ್ನು ಮೀರಬಾರದು. ದಾಮದುಪ್ಪಟವೆಂದು ಹೆಸರಾದ ಈ ನಿಯಮವನ್ನು ಬ್ರಿಟಿಷರ ಕಾಲದ ಮುಂಬಯಿ ಇಲಾಖೆಯ ನ್ಯಾಯಾಲಯಗಳೂ ಮನ್ನಿಸುತ್ತಿದ್ದವು.

ಇದನ್ನೋದಿದ ದಿನ ನನಗೆ ಅಜ್ಜಿಯ ಎಡಗಡೆಯ ಕಾಳು, ಬಲಗಡೆಯ ಕಾಳು ಕಣ್ಣಮುಂದೆ ಬಂದವು. ಅವಳು ಯಾವ ಸ್ಮೃತಿಯನ್ನೂ ಕೇಳಿದವಳಲ್ಲ. ಶಾಸ್ತ್ರವೇ ಇಂಥ ಅಜ್ಜಿಯರಿಂದ ಕೇಳಿ ಬರೆದುಕೊಂಡಿದೆಯೋ ಏನೋ ಎಂದು ನನಗೆ ಗುಮಾನಿ.

ಇಂದಿನ ಕಾಯಿದೆ ಏನು ಹೇಳುತ್ತದೆ? ತಂದೆಯ ಸಾಲವನ್ನು ತೀರಿಸುವುದು ಮಗನ ಧರ್ಮವೆಂಬ ಒಂದೇ ಕಾರಣದಿಂದ ಮಗ, ಮೊಮ್ಮಗ, ಮರಿಮಗನ ಮೇಲೆ ದಾವೆ ಹೂಡುವ ಹಕ್ಕನ್ನು ೨೦೦೫ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆ ಆ ವರ್ಷದ ಸಪ್ಟೆಂಬರ್ ೯ರಿಂದ ತೆಗೆದುಹಾಕಿತು. ಅದಕ್ಕೂ ಹಿಂದಿನ ಸಾಲಗಳಿಗೆ ಮಾತ್ರ ಹಳೆಯ ನಿಯಮ ಉಳಿಯಿತು. ಸತ್ತವನ ಸಾಲಕ್ಕೆ ವಾರಸುದಾರರು ಹೊಣೆಯಾಗುವುದು ಅವನಿಂದ ತಮ್ಮ ಕೈಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಬದುಕಿರುವವನು ಊರು ಬಿಟ್ಟು ಹೋದರೆ ಅವನ ಹೆಂಡತಿ ಕಾಗದಕ್ಕೆ ತಾನೂ ಸಹಿ ಮಾಡಿದ್ದರೆ, ಜಾಮೀನು ನಿಂತಿದ್ದರೆ ಹೊಣೆ, ಇಲ್ಲವಾದರೆ ಅಲ್ಲ. ಡಿಕ್ರಿಯಾಗಿ ಜಪ್ತಿ ಬಂದರೂ ಉಟ್ಟ ಬಟ್ಟೆ, ಹಾಸಿಗೆ, ಅಡಿಗೆಯ ಪಾತ್ರೆ, ಕಸುಬಿನವನ ಉಪಕರಣ, ಒಕ್ಕಲಿಗನ ಉಳುಮೆಯ ಸಾಮಾನು, ಧರ್ಮಾಚಾರದಂತೆ ಹೆಣ್ಣು ಮೈಮೇಲಿಂದ ತೆಗೆಯಬಾರದ ತಾಳಿಯಂಥ ಒಡವೆ, ಇವನ್ನು ಮುಟ್ಟುವಂತಿಲ್ಲವೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ೬೦ನೆಯ ಕಲಮು ಹೇಳುತ್ತದೆ. ಜಗಲಿಯ ಮೇಲೆ ಕೂತು ಕೊಡಪಾನವನ್ನು ಎತ್ತಿಕೊಂಡು ಹೋಗುವೆನೆನ್ನುವವನಿಗೆ, ಕೋರ್ಟಿನ ಬೇಲಿಫನಿಗೂ ಇಲ್ಲದ ಅಧಿಕಾರ ತನಗೆಲ್ಲಿಂದ ಬಂದಿತೆಂದು ಕೇಳಬಹುದು.

ವಾಯಿದೆಯ ಮಾತು ಸ್ವಲ್ಪ ಸ್ವಾರಸ್ಯದ್ದು. ೧೯೬೩ರ ಕಾಲಪರಿಮಿತಿ ಕಾಯಿದೆಯಂತೆ ಇಂಥ ಬಾಕಿಗಳಿಗೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹಾಕಬೇಕು. ಸಾಲಗಾರ ಭಾರತದಿಂದ ಹೊರಗಿದ್ದ ಕಾಲವನ್ನು ಈ ಮೂರು ವರ್ಷದಲ್ಲಿ ಎಣಿಸುವುದಿಲ್ಲ. ಎಂದರೆ ಮುಂಬಯಿಗೆ ಹೋದವನ ಪಾಲಿಗೆ ಗಡಿಯಾರ ಓಡುತ್ತದೆ, ದುಬೈಗೆ ಹೋದವನ ಪಾಲಿಗೆ ನಿಂತಿರುತ್ತದೆ. ವಾಯಿದೆ ತೀರಿತೆಂದರೆ ಸಾಲ ಸತ್ತಿತೆಂದು ಅರ್ಥವಲ್ಲ. ಕೋರ್ಟಿನ ಬಾಗಿಲು ಮುಚ್ಚಿತೆಂದಷ್ಟೇ ಅರ್ಥ. ಆದುದರಿಂದಲೇ ಬಲ್ಲ ಸಾವುಕಾರರು ಯುಗಾದಿಗೋ, ಪುಷ್ಯ ಮಾಸದ ಗವಿಮಠದ ಜಾತ್ರೆಗೋ ಊರಿಗೆ ಬಂದವನನ್ನು ಕಾದು ಹಿಡಿದು, “ದುಡ್ಡು ಯಾವಾಗಾದರೂ ಕೊಡು, ಇಲ್ಲೊಂದು ಸಹಿ ಹಾಕು” ಎನ್ನುತ್ತಾರೆ. ಆ ಸಹಿಯಿಂದ ಗಡಿಯಾರ ಮತ್ತೆ ಮೊದಲಿನಿಂದ ಓಡತೊಡಗುತ್ತದೆ. ಜಾತ್ರೆಯ ತೇರನ್ನು ಲಕ್ಷಗಟ್ಟಲೆ ಜನ ನೋಡುತ್ತಿರುವಾಗ, ತೇರು ನೋಡುವವರನ್ನು ನೋಡಲು ಬಂದವರೂ ಕೆಲವರಿರುತ್ತಾರೆ.

ಪಟ್ಟಣದ ಕೇಳುಗರು ಇದು ಹಳ್ಳಿಯ ಮಾತೆಂದುಕೊಳ್ಳಬಾರದು. ೧೯೯೭ರಲ್ಲಿ ಕೊಪ್ಪಳ ಜಿಲ್ಲಾಸ್ಥಳವಾದ ಮೇಲೆ ಬಾಡಿಗೆಯ ಮನೆಗಳಲ್ಲಿ ವರ್ಗವಾಗಿ ಬರುವವರು, ಹೋಗುವವರು ಹೆಚ್ಚಾದರು. ಹೋಗುವವರ ಹಿಂದೆ ಹಾಲಿನವನ ಬಾಕಿ, ಪತ್ರಿಕೆಯವನ ಬಾಕಿ, ಕರೆಂಟಿನ ಬಿಲ್ಲು ಉಳಿಯುವುದುಂಟು. ಹಾಲಿನವನು ಹೊಸ ಬಾಡಿಗೆದಾರನನ್ನು ಕೇಳುವಂತಿಲ್ಲ, ಕುಡಿದವರು ಬೇರೆ. ವಿದ್ಯುತ್ತಿನ ಬಾಕಿ ಹಾಗಲ್ಲ. ನಿಯಮಗಳಲ್ಲಿ ಅವಕಾಶವಿದ್ದರೆ ಹಳೆಯ ಬಾಕಿಯನ್ನು ಆ ಜಾಗೆಗೆ ಹೊಸದಾಗಿ ಸಂಪರ್ಕ ಕೇಳುವವರಿಂದ ವಸೂಲು ಮಾಡಬಹುದೆಂದು ಕೇರಳದ ವಿದ್ಯುತ್ ಮಂಡಳಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ೨೦೨೩ರ ಮೇ ತಿಂಗಳಲ್ಲಿ ತೀರ್ಪಿತ್ತಿದೆ. ಮನೆ ಹಿಡಿಯುವ ಮುನ್ನ, ಕೊಳ್ಳುವ ಮುನ್ನ ಮೀಟರಿನ ಲೆಕ್ಕವನ್ನೂ ಪುರಸಭೆಯ ಕರದ ರಸೀತಿಯನ್ನೂ ಕೇಳಿ ನೋಡುವುದು ಸಂಕೋಚದ ಮಾತಲ್ಲ.

ಈಗ ಕಷ್ಟದ ಪ್ರಶ್ನೆಗೆ ಬರೋಣ. ಕಾಯಿದೆ ಬಿಡಿಸಿದ್ದನ್ನೆಲ್ಲ ಮನಸ್ಸು ಬಿಡಿಸುವುದಿಲ್ಲ. ಕಾಯಿದೆ ಕಟ್ಟಿದ್ದನ್ನೆಲ್ಲ ಮನಸ್ಸು ಒಪ್ಪುವುದೂ ಇಲ್ಲ. ಕುಷ್ಟಗಿ ತಾಲ್ಲೂಕಿನ ಹೆಣ್ಣುಮಗಳೊಬ್ಬಳು ಕೆಲವು ವರ್ಷಗಳ ಹಿಂದೆ ನನ್ನಲ್ಲಿಗೆ ಬಂದಳು. ಗಂಡಹೆಂಡಿರಿಬ್ಬರೂ ಒಬ್ಬ ಮೇಸ್ತ್ರಿಯಿಂದ ನಾಲ್ವತ್ತು ಸಾವಿರ ರೂಪಾಯಿ ಮುಂಗಡ ಪಡೆದು ಕರಾವಳಿಯ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಅತ್ತೆಗೆ ಪಾರ್ಶ್ವವಾಯು ಹೊಡೆಯಿತೆಂದು ಇವಳು ಹಿಂದಿರುಗಿದಳು. ಗಂಡ ಕೆಲವು ತಿಂಗಳ ಮೇಲೆ ಆ ಮೇಸ್ತ್ರಿಯನ್ನು ಬಿಟ್ಟು ಗೋವೆಯ ಕಡೆಗೆ ಹೋದ. ಅಲ್ಲಿಂದ ಮುಂದೆ ವಾರಕ್ಕೊಬ್ಬರಂತೆ ಬಾಗಿಲಿಗೆ ಬರತೊಡಗಿದರು. ಮೇಸ್ತ್ರಿಯ ಕಡೆಯವರು ಮುಂಗಡ ಕೇಳಿದರು. ಕಿರಾಣಿಯವರ ಪುಸ್ತಕದಲ್ಲಿ ಹನ್ನೊಂದು ಸಾವಿರವಿತ್ತು. ಅತ್ತೆಯ ಔಷಧಕ್ಕಾಗಿ ಇವಳ ಹೆಸರಿನಲ್ಲಿಯೇ ಪಡೆದ ಸಂಘದ ಸಾಲಕ್ಕೆ ವಾರದ ಕಂತಿತ್ತು. ನಾದಿನಿಯ ಐದು ಸಾವಿರದ ಕೈಗಡವಿತ್ತು. “ಓಡಿಹೋದವನ ಹೆಂಡತಿ” ಎಂಬ ಹೊಸ ಹೆಸರೂ ಆಗಿತ್ತು. ಈ ಕೊನೆಯ ಬಾಕಿಯೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ತಿಂದಿತ್ತು.

ಓಡಿಹೋದನೆಂಬುದು ಎಷ್ಟು ಸುಲಭದ ಮಾತು! ನಮ್ಮ ಕಡೆ ಸಾಲಕ್ಕೆ ಹೆದರಿ ಊರು ಬಿಟ್ಟವರಿಲ್ಲವೆನ್ನಲಾರೆ. ಆದರೆ ನಾನು ಕಂಡ ಹೆಚ್ಚಿನವರು ಸಾಲ ತೀರಿಸುವುದಕ್ಕೆಂದೇ ಊರು ಬಿಟ್ಟವರು. ಊರಿನಲ್ಲಿಯೇ ಕೂತು ಸಾಲವನ್ನು ಬೆಳೆಸಿದವನಿಗೆ ಯಾರೂ ಹೆಸರಿಡುವುದಿಲ್ಲ.

ಅವಳ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರವಿದಾಗ ನನಗೆ ಕಂಡದ್ದಿದು: ಯಾರು ಹೆಚ್ಚು ಗದ್ದಲ ಮಾಡುವರೋ ಅವರಿಗೆ ಅವಳು ಮೊದಲು ಕೊಡುತ್ತ ಬಂದಿದ್ದಳು. ಮೇಸ್ತ್ರಿಯವರಿಗೆ ಕಿವಿಯ ಬೆಂಡೋಲೆ ಮಾರಿ ಕೊಟ್ಟಿದ್ದಳು. ಕಿರಾಣಿಯವರು ಬಾಯಿ ಮಾಡುವವರಲ್ಲ. ಅವರಿಗೆ ಏನೂ ಮುಟ್ಟಿರಲಿಲ್ಲ. ನಾದಿನಿ ಕೇಳಿಯೇ ಇರಲಿಲ್ಲ.

ಮುಂಗಡದ ಮಾತನ್ನು ಮೊದಲು ಹಿಡಿದೆವು. ಇಬ್ಬರೂ ದುಡಿದ ದಿನಗಳೆಷ್ಟು, ಸರಕಾರ ಗೊತ್ತುಪಡಿಸಿದ ಕನಿಷ್ಠ ಕೂಲಿಯ ಲೆಕ್ಕದಲ್ಲಿ ಅದಕ್ಕೆ ಎಷ್ಟಾಯಿತು, ಅದರಲ್ಲಿ ಮುರಿದುಕೊಂಡದ್ದೆಷ್ಟು ಎಂಬ ಲೆಕ್ಕವನ್ನು ಬರೆದು ತರಬೇಕೆಂದು ಮೇಸ್ತ್ರಿಗೆ ಹೇಳಿ ಕಳುಹಿಸಿದೆ. ಮುಂಗಡ ಕೊಟ್ಟ ಕಾರಣದಿಂದ ಒಬ್ಬನನ್ನು ಬೇರೆಲ್ಲಿಯೂ ಹೋಗದಂತೆ, ಕನಿಷ್ಠ ಕೂಲಿಯೂ ಇಲ್ಲದೆ ದುಡಿಸಿಕೊಂಡರೆ ಅದು ೧೯೭೬ರ ಜೀತಪದ್ಧತಿ ರದ್ಧತಿ ಕಾಯಿದೆಯ ಕಣ್ಣಿಗೆ ಜೀತವೇ; ಆ ಸಾಲವನ್ನು ತೀರಿಸುವ ಹೊಣೆ ಕಾಯಿದೆಯಿಂದಲೇ ಅಳಿದುಹೋಗುತ್ತದೆ. ಇದನ್ನೂ ಹೇಳಿ ಕಳುಹಿಸಿದೆ. ಲೆಕ್ಕ ಬರಲಿಲ್ಲ, ಮೇಸ್ತ್ರಿಯೂ ಬರಲಿಲ್ಲ. ಬೆಂಡೋಲೆಯ ಹಣವಂತೂ ಹಿಂದಿರುಗಲಿಲ್ಲ.

ಸಂಘದ ಸಾಲದಲ್ಲಿ ನಾನು ಅವಳಿಗೆ ಸುಳ್ಳು ಧೈರ್ಯ ಹೇಳಲಿಲ್ಲ. ಸಹಿ ಅವಳದೇ, ಹಣ ಇಸಕೊಂಡವಳೂ ಅವಳೇ. ಅದನ್ನು ತೀರಿಸಲೇಬೇಕು. ಈ ಬಗೆಯ ಸಾಲದಲ್ಲಿ ಒಂದು ವಿಚಿತ್ರವುಂಟು. ಹತ್ತು ಹೆಂಗಸರು ಒಬ್ಬರಿಗೊಬ್ಬರು ಹೊಣೆಯಾಗಿ ನಿಲ್ಲುತ್ತಾರೆ. ಒಬ್ಬಳು ಗುಳೇ ಹೋದರೆ ಉಳಿದ ಒಂಬತ್ತು ಜನ ಅವಳ ಕ��ತು ತುಂಬುವರು. ಒಬ್ಬರ ಕಷ್ಟಕ್ಕೆ ಒಬ್ಬರು ಆಗುವ ಓಣಿಯ ಹಳೆಯ ಗುಣವನ್ನೇ ಅಡವಿಟ್ಟುಕೊಂಡ ಏರ್ಪಾಡಿದು. ವಸೂಲಿಗೆ ಬರುವವರು ಬೈಯುವ ಅವಶ್ಯಕತೆಯೇ ಇಲ್ಲ, ಗೆಳತಿಯರೇ ಬೈಯುತ್ತಾರೆ. ೨೦೨೨ರ ಏಪ್ರಿಲ್‌ನಿಂದ ಜಾರಿಗೆ ಬಂದ ರಿಜರ್ವ್ ಬ್ಯಾಂಕಿನ ನಿಯಮಗಳಂತೆ ಈ ಬಗೆಯ ಸಾಲಗಳ ಕಂತುಗಳೆಲ್ಲ ಸೇರಿ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಕೂಡದು. ಬೆಳಗಿನ ಒಂಬತ್ತಕ್ಕೆ ಮೊದಲು, ಸಂಜೆ ಆರರ ಅನಂತರ ಕರೆದು ಕಾಡಕೂಡದು. ಆದರೂ ೨೦೨೫ರ ಜನವರಿಯಲ್ಲಿ ವಸೂಲಿಯ ಕಾಟ ತಾಳದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಚಾಮರಾಜನಗರದ ಕಡೆಯಿಂದ ಪತ್ರಿಕೆಗಳಲ್ಲಿ ಬಂದುದನ್ನು ನೀವು ಓದಿರಬಹುದು. ಫೆಬ್ರುವರಿ ೧೨ರಂದು ರಾಜ್ಯ ಸರಕಾರದ ಸುಗ್ರೀವಾಜ್ಞೆ ಹೊರಬಿದ್ದಿತು, ಅನಂತರ ಅದು ಕಾಯಿದೆಯಾಯಿತು. ನೋಂದಣಿಯಿಲ್ಲದೆ ಲೇವಾದೇವಿ ನಡೆಸುವವರು ದುರ್ಬಲರಿಗೆ ಕೊಟ್ಟ ಸಾಲ ಬಡ್ಡಿಸಹಿತ ತೀರಿಹೋದಂತೆಯೇ ಎಂದೂ, ಬಲಾತ್ಕಾರದ ವಸೂಲಿಗೆ ಹತ್ತು ವರ್ಷದ ವರೆಗೆ ಸೆರೆ, ಐದು ಲಕ್ಷ ರೂಪಾಯಿಯ ವರೆಗೆ ದಂಡವೆಂದೂ ಅದರಲ್ಲಿದೆ. ರಿಜರ್ವ್ ಬ್ಯಾಂಕಿನ ಪರವಾನಗಿಯುಳ್ಳ ಸಂಸ್ಥೆಗಳ ಸಾಲ ಇದರಿಂದ ಮನ್ನಾ ಆಗುವುದಿಲ್ಲವೆಂಬುದನ್ನು ಮರೆಯಬಾರದು. ನಮ್ಮ ಹೆಣ್ಣುಮಗಳು ಬಂದದ್ದು ಇದಕ್ಕೂ ಮುಂಚೆ. ವಾರದ ಕಂತನ್ನು ತಿಂಗಳಿಗೆ ಮಾಡಿ ಇಳಿಸಿಕೊಡಬೇಕೆಂದು ಅವಳಿಂದ ಅರ್ಜಿ ಬರೆಸಿದೆ. ಪ್ರತಿ ಕಂತಿಗೂ ರಸೀತಿ ಕೇಳಲು ಹೇಳಿದೆ. ಎರಡು ಸಲ ತಿರುಗಿಸಿ ಮೂರನೆಯ ಸಲ ಒಪ್ಪಿಕೊಂಡರು.

ಉಳಿದದ್ದು ಕಿರಾಣಿಯ ಉದ್ರಿ. ಪುಸ್ತಕ ಗಂಡನ ಹೆಸರಿನಲ್ಲಿತ್ತು, ಇವಳ ಸಹಿ ಎಲ್ಲಿಯೂ ಇರಲಿಲ್ಲ, ಬಹುಭಾಗಕ್ಕೆ ಮೂರು ವರ್ಷ ಸಮೀಪಿಸಿತ್ತು. “ಇದನ್ನು ಕಾಯಿದೆಯಂತೆ ನೀನು ಕೊಡಬೇಕಿಲ್ಲ, ತಾಯಿ” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಣ್ಣಿ ನಾನs ಒಗ್ಗರಣಿ ಹಾಕೀನ್ರಿ” ಎಂದಳು. ನಾಲ್ವತ್ತು ವರ್ಷದ ವಕೀಲಿಯಲ್ಲಿ ಎದುರು ಪಕ್ಷದವರು ನನ್ನ ಬಾಯಿಯನ್ನು ಹೀಗೆ ಕಟ್ಟಿದ್ದಿಲ್ಲ. ಮರುದಿನ ಅವಳೊಡನೆ ಅಂಗಡಿಗೆ ಹೋಗಿ ಪುಸ್ತಕವನ್ನು ಒಂದೊಂದಾಗಿ ಓದಿಸಿದೆ. ಗುಟಖಾ ಚೀಟಿಗಳ ಲೆಕ್ಕವನ್ನು ಅಂಗಡಿಯವರು ತಾವಾಗಿಯೇ ಬೇರೆ ಬರೆದರು. ಒಂಬತ್ತು ಸಾವಿರದ ಚಿಲ್ಲರೆ ಉಳಿಯಿತು. ತಿಂಗಳಿಗೆ ಐನೂರು, ಸುಗ್ಗಿಯಲ್ಲಿ ಕೂಲಿ ಬಂದಾಗ ಹೆಚ್ಚು ಎಂದು ಮಾತಾಯಿತು. ಕೊಟ್ಟಷ್ಟನ್ನೂ ಪುಸ್ತಕದಲ್ಲಿಯೂ ಅವಳ ಕೈಯ ಒಂದು ಚಿಕ್ಕ ನೋಟುಬುಕ್ಕಿನಲ್ಲಿಯೂ ಬರೆದು ಇಬ್ಬರೂ ಗುರುತು ಹಾಕಬೇಕೆಂದು ನಾನು ಹಟ ಹಿಡಿದೆ. ಅಂಗಡಿಯವರಿಗೆ ಇದು ಅವಮಾನವೆನಿಸಿತೇನೋ, ಆದರೂ ನಡೆಸಿಕೊಟ್ಟರು. ಆ ದಿನದಿಂದ ಅವಳಿಗೆ ಮತ್ತೆ ಉದ್ರಿ ಸಿಗತೊಡಗಿತು. ಆ ಮನೆಗೆ ಬೇಕಾಗಿದ್ದುದು ಅದೇ.

ಅಂಗಡಿಯಿಂದ ಹೊರಬರುವಾಗ ಓಣಿಯ ಒಬ್ಬ ಹಿರಿಯರು, “ಏನವಾ, ಅಂವನ ಸಾಲ ನೀ ಹರಿಯಾಕ ಹತ್ತೀಯೇನ?” ಎಂದು ಕೇಳಿದರು. “ಅಂವಂದಲ್ರಿ, ಮನೀದು” ಎಂದಳು.

ಕಿರಾಣಿಯ ಬಾಕಿ ಎರಡನೆಯ ಯುಗಾದಿಗೆ ತೀರಿತು. ಸಂಘದ ಕಂತು ಅದಕ್ಕೂ ಆರು ತಿಂಗಳು ಹೆಚ್ಚು ಹಿಡಿಯಿತು. ನಾದಿನಿಯ ಐದು ಸಾವಿರದಲ್ಲಿ ಎರಡು ಸಾವಿರ ಮುಟ್ಟಿದೆ. ಉಳಿದದ್ದನ್ನು ನಾದಿನಿ ಕೇಳುವುದಿಲ್ಲ, ಇವಳು ಮರೆತಿಲ್ಲ. ಗಂಡ ಒಂದು ಜಾತ್ರೆಗೆ ಬಂದು ಮೂರು ದಿನ ಇದ್ದು ಹೋದನಂತೆ. ಈಗ ತಿಂಗಳಿಗೊಮ್ಮೆ ಫೋನು ಬರುತ್ತದೆ, ಕೆಲವು ತಿಂಗಳು ಅದರ ಹಿಂದೆ ಹಣವೂ ಬರುತ್ತದೆ. ನೋಟುಬುಕ್ಕನ್ನು ಅವನಿಗೆ ತೋರಿಸಿದೆಯಾ ಎಂದು ಕೇಳಿದೆ. ತೋರಿಸಿದಳಂತೆ. ಅವನು ಅದನ್ನು ಮೊದಲಿನಿಂದ ಕೊನೆಯ ವರೆಗೆ ಓದಿ, ಏನೂ ಮಾತಾಡದೆ, ಹಾಳೆಗಳು ಬಿಚ್ಚಿಹೋಗಬಾರದೆಂದು ಬೆನ್ನಿಗೆ ದಾರ ಹೊಲಿದು ಕೊಟ್ಟು ಹೋದನಂತೆ.